ಇಳಿಸಿದ ಕೈಯೇ ಎತ್ತಿಕೊಡಬೇಕು

ಅರಕೆರೆ
20 ನವೆಂಬರ್ 2024, ಬುಧವಾರ

ಮಗಳು ಯಶೋಧಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದ. ಇಲ್ಲಿ ನಾನು ಕ್ಷೇಮ. ಅಲ್ಲಿ ನೀನು ಕ್ಷೇಮವೋ ಅಲ್ಲವೋ, ಕೇಳಿದರೆ ಸರಿಯಾಗಿ ಹೇಳುವವಳಲ್ಲ.

ಫೋನಿರುವಾಗ ಕಾಗದ ಯಾಕೆ ಎಂದು ನಗಬೇಡ. ಭಾನುವಾರ ನೀನು ಮಾತಾಡುವಾಗ ಪಕ್ಕದಲ್ಲಿ ಬಳೆ ಸದ್ದು ಕೇಳಿಸಿತು. ನೀನು ಬರೀ ವಾಚು ಕಟ್ಟುವವಳು. ಆ ಬಳೆ ನಿನ್ನ ಅತ್ತೆ ಭಾಗೀರಥಮ್ಮನವರದು, ನೀನು ಸ್ಪೀಕರ್ ಹಾಕಿದ್ದೆ. ಇಲ್ಲ ಎನ್ನಬೇಡ.

ಮದುವೆಯಾಗಿ ಮೂರು ತಿಂಗಳು, ಯಾವತ್ತೂ ಇಲ್ಲದ ಪ್ರಶ್ನೆ ಈಗ. ಟೆಂಪೋದಲ್ಲಿ ಮೈಕು ಕಟ್ಟಿಕೊಂಡು ಈರುಳ್ಳಿ ಮಾರುವವನನ್ನೂ ಹೊತ್ತು ಮಾರುವವನು ಅನ್ನುತ್ತೀಯಲ್ಲ, ಅವನು ಏನು ಹೊತ್ತಿದ್ದಾನೆ, ಆ ಮಾತು ಎಲ್ಲಿಂದ ಬಂತು ಎಂದು ನೀನು ಕೇಳಿದೆ. ಶಾಲೆಯ ಮಕ್ಕಳಿಗೆ ಹೇಳಲು ಬೇಕಂತೆ. ಏಳನೇ ಕ್ಲಾಸಿಗೇ ಓದು ಬಿಟ್ಟ ನನ್ನಂಥವಳನ್ನು ಕೇಳಿಕೊಂಡು ಪಾಠ ಮಾಡುವ ಟೀಚರನ್ನು ನಾನಂತೂ ಕಂಡಿಲ್ಲ. ಹಾಲು ಉಕ್ಕುತ್ತಿದೆ ಎಂದು ಫೋನು ಇಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ.

ಇದನ್ನು ನಿನ್ನ ಬಾಯಲ್ಲಿ ಕೇಳಿಸಿದವರು ಯಾರು? ನಿಶ್ಚಿತಾರ್ಥದ ದಿನವೇ ನಿಮ್ಮತ್ತೆ ನನ್ನ ತಲೆಯನ್ನು ಎರಡು ಸಲ ನೋಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರೆ. ನಾನು ನೆತ್ತಿಯ ಮೇಲೆ ಸೆರಗು ಎಳೆದುಕೊಂಡೆ.

ಕೇಳಿದ್ದೀಯ, ಕೇಳಿಸಿಕೋ. ಟೈಫಾಯ್ಡ್ ಬಂದು ನೆತ್ತಿಯ ಕೂದಲು ಉದುರಿತು ಎಂದಿದ್ದೆನಲ್ಲ, ಅದು ಸುಳ್ಳು. ತರಕಾರಿ ಹೊರುವ ಮಂಕರಿ ಬುಟ್ಟಿಯ ಕೆಳಗೆ ತಲೆಯ ಮೇಲೆ ಇಡುವ ಬಟ್ಟೆಯ ಸಿಂಬೆ ಸವೆಸಿದ್ದು ಅದು. ಕೆ.ಆರ್. ಪೇಟೆಯಲ್ಲಿ ತರಕಾರಿ ಅಂಗಡಿ ಇತ್ತು ಎಂದದ್ದೂ ಸುಳ್ಳು. ಎಂಟು ವರ್ಷ, ದಿನಾ ಮೊದಲ ಬಸ್ಸಿಗೆ, ನೀನೀಗ ಇರುವ ಶ್ರೀರಂಗಪಟ್ಟಣಕ್ಕೇ ಬಂದು ಬದನೆಕಾಯಿ, ಸೊಪ್ಪು ಮನೆಮನೆಗೆ ಹೊತ್ತು ಮಾರಿದ್ದೇನೆ. ಮಾರುವುದು ಏನೂ ಅಲ್ಲ ಕಣೆ, ಹೊರುವುದೇ ಕೆಲಸ. ಅದಕ್ಕೇ ಆ ಮಾತಿನಲ್ಲಿ ಹೊರುವುದು ಮೊದಲು ಬರುತ್ತದೆ. ನಿನ್ನ ಮಕ್ಕಳಿಗೆ ಇಷ್ಟು ಹೇಳು, ಸಾಕು.

ತುಂಬಿದ ಮಂಕರಿಯನ್ನು ಒಬ್ಬಳೇ ಇಳಿಸಲೂ ಆಗದು, ಎತ್ತಲೂ ಆಗದು. "ಅವ್ವಾ, ವಸಿ ಕೈ ಕೊಡಿ" ಎಂದು ಬಾಗಿಲಲ್ಲಿ ಕೂಗಬೇಕು. ಇಳಿಸಿದ ಕೈಯೇ ಎತ್ತಿಯೂ ಕೊಡಬೇಕು, ಇಲ್ಲದಿದ್ದರೆ ಇಬ್ಬರಿಗೂ ಆಗಿಬರದು ಎಂಬುದು ನಮ್ಮವರ ನಂಬಿಕೆ.

ನೀನು ಹೊಟ್ಟೆಯಲ್ಲಿದ್ದೆ, ಏಳು ತಿಂಗಳು. ಗುಡಿ ಬೀದಿಯ ಒಂದು ಮನೆಯಲ್ಲಿ ಕೂಗಿದೆ. ಒದ್ದೆ ಸೀರೆಯಲ್ಲಿದ್ದ ಸೊಸೆ ನನ್ನ ಹೊಟ್ಟೆ ನೋಡಿ ಓಡಿಬಂದು ಮಂಕರಿ ಇಳಿಸಿದರು. ಮಡಿಯಲ್ಲಿದ್ದೇನೆ ಎಂಬುದನ್ನು ಮರೆತರೋ ಏನೋ. ಒಳಗಿಂದ ಅವರ ಅತ್ತೆ ರೇಗಿ, ಮತ್ತೆ ಸ್ನಾನಕ್ಕೆ ಅಟ್ಟಿ, ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ಕಾದೆ. ಕೊನೆಗೆ ಅರ್ಧದಷ್ಟು ಬದನೆಕಾಯಿ ಜಗಲಿಯ ಮೇಲೆ ಸುರಿದು, ಹಗುರಾದ ಮಂಕರಿಯನ್ನು ನಾನೇ ಎತ್ತಿಕೊಂಡು ಬಂದೆ. ಆ ದಿನ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ. ಮತ್ತೆ ಆ ಬೀದಿಗೆ ಕಾಲಿಡಲಿಲ್ಲ.

ನಿನ್ನ ನಿಶ್ಚಿತಾರ್ಥಕ್ಕೆ ಗಂಡಿನ ಮನೆಗೆ ಬಂದು ಇಳಿದರೆ ಅದೇ ಜಗಲಿ.

ಮಂಕರಿಯವಳ ಮಗಳು ಎಂದು ಆ ಮನೆಯಲ್ಲಿ ನಿನ್ನನ್ನು ಆಡಿಕೊಂಡಾರು ಎಂಬ ಭಯ ನನಗೆ. ಅವರು ಕೇಳಿದರೆ ಅವ್ವನಿಗೆ ಗೊತ್ತಿಲ್ಲವಂತೆ ಎಂದುಬಿಡು. ಓದಿದ ಮೇಲೆ ಕಾಗದ ಹರಿದು ಹಾಕು. ಅಳಿಯ ಶ್ರೀಕರನಿಗೂ ತೋರಿಸಬೇಡ.

ಇಂತಿ ನಿನ್ನ ಅವ್ವ,
ತಿಮ್ಮಮ್ಮ

ತಾ.ಕ.: ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಒಂದು ಮಾತು ಬೇಕೆಂದೇ ಬಿಟ್ಟಿದ್ದೆ. ಮದುವೆಯ ದಿನ ಛತ್ರದಲ್ಲಿ ಹಣ್ಣಿನ ಬುಟ್ಟಿ ಎತ್ತಲು ಬಗ್ಗಿದ್ದೆ. ಪಕ್ಕದಿಂದ ಎರಡು ಕೈ ಬಂದು ಎತ್ತಿಕೊಟ್ಟವು. "ಅವತ್ತು ಎತ್ತಿಕೊಡೋಕೆ ಆಗಲಿಲ್ಲ, ತಿಮ್ಮಮ್ಮ" ಅಂದರು ನಿಮ್ಮತ್ತೆ, ನನಗೊಬ್ಬಳಿಗೇ ಕೇಳುವಂತೆ. ವಾಲಗದ ಗದ್ದಲದಲ್ಲಿ ಕೇಳಿಸದವಳ ಹಾಗೆ ನಡೆದುಬಿಟ್ಟೆ. ಅವರಿಗೆ ಮೊದಲೇ ಗೊತ್ತಿತ್ತು, ಯಾರಿಗೂ ಹೇಳಿಲ್ಲ. ನಾನು ಇಷ್ಟು ವರ್ಷ ಹೆದರಿದ್ದು ನಿನಗೆ, ನೀನು ನಾಚಿಕೊಂಡೀಯ ಎಂದು. ಕಾಗದ ಹರಿಯಬೇಡ. ಭಾನುವಾರ ಫೋನು ಮಾಡು, ಸ್ಪೀಕರ್ ಹಾಕಿಯೇ ಮಾಡು.