ಓಟದ ದಿನ ಹೊಡೆದ ಗಂಟೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂದು ನಿನಗೆ ಗೊತ್ತೇ ಇದೆ. ಒತ್ತಕ್ಷರಗಳು ಅಲ್ಲಲ್ಲಿ ಬಿದ್ದುಹೋಗಿರಬಹುದು, ಎತ್ತಿಕೊಂಡು ಓದಿಕೋ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಈಗ ಶಾಲೆಯಲ್ಲೇ ಕೆಲಸ ಮಾಡುತ್ತಿದ್ದರೂ ಕೈಯಲ್ಲಿರುವುದು ಪೊರಕೆ ಮತ್ತು ಗಂಟೆಯ ಸುತ್ತಿಗೆ, ಪೆನ್ನಲ್ಲ. ತಪ್ಪಿದ್ದರೆ ಬೈಯಬೇಡ.

ಹೋದ ಕಾಗದದಲ್ಲಿ ನೀನು ಕೇಳಿದ್ದೆ. ನೀನು ಬಟ್ಟೆ ಒಗೆಯುವ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ಪರೀಕ್ಷೆ ಮುಗಿದ ಮೇಲೆ ಚೂಟಿಯನ್ನು ಅಲ್ಲಿಗೆ ಸೇರಿಸಿದರೆ ವಾರಕ್ಕೊಮ್ಮೆಯಾದರೂ ಮಗಳ ಮುಖ ನೋಡಬಹುದು, ಅವಳನ್ನೇ ಕೇಳು, ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆ, ಎಂದು. ಬರೆಯುತ್ತೇನೆ. ಮೊದಲು ಈ ವಾರದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವಳ ಮಾತು ನಿನಗೆ ಅರ್ಥವಾಗುವುದಿಲ್ಲ.

ಈ ವಾರ ಶಾಲೆಯಲ್ಲಿ ಪಾಠ ಎಂದು ನಡೆದದ್ದು ಕಡಿಮೆ. ಸುತ್ತಲಿನ ಶಾಲೆಗಳ ಮಕ್ಕಳೆಲ್ಲ ಸ್ಪರ್ಧೆಗೆಂದು ನಮ್ಮಲ್ಲಿಗೇ ಬಂದಿದ್ದರು. ಸೋಮವಾರ ವಿಜ್ಞಾನದ ಪ್ರದರ್ಶನ. ಡೆಸ್ಕುಗಳನ್ನು ಎಳೆದು, ಸಾಲು ಮಾಡಿ, ಬಿಳಿ ಬಟ್ಟೆ ಹಾಸುವುದರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಏಳನೇ ಕ್ಲಾಸಿನವರು ಮಾಡಿದ ಜ್ವಾಲಾಮುಖಿ ಉದ್ಘಾಟನೆಗೆ ಮುಂಚೆಯೇ ಉಕ್ಕಿ, ದೊಡ್ಡ ಮೇಡಂ ಅವರ ಚಪ್ಪಲಿಯ ಮೇಲೆಲ್ಲ ಕೆಂಪು ನೊರೆ. ಮೇಡಂ ನಗಲಿಲ್ಲ. ಆದರೆ ಸಂಜೆ ಮೊದಲ ಬಹುಮಾನ ಅದಕ್ಕೇ ಬಂತು. ಹಾಡಿನಲ್ಲಿ ನಮ್ಮವರು ಎರಡನೆಯವರು. ಮುಂದಿನ ಸಾಲಿನ ಹುಡುಗಿಗೆ ಬಿಕ್ಕಳಿಕೆ ಹತ್ತದಿದ್ದರೆ ಅದೂ ನಮ್ಮದೇ ಎಂದು ಹಾಡಿನ ಟೀಚರ್ ಇವತ್ತಿನವರೆಗೂ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಾರೆ.

ಬುಧವಾರ ಓಟ. ಇದನ್ನು ನಿಧಾನವಾಗಿ ಹೇಳಬೇಕು.

ನಮ್ಮ ಶಾಲೆಯ ಗಂಟೆಗೆ ಒಂದು ಲೆಕ್ಕವಿದೆ. ಒಂದೇ ಏಟು ಬಿದ್ದರೆ ಪಾಠ ಬದಲು. ಬಿಡದೆ ಹೊಡೆದರೆ ಎಲ್ಲರೂ ಹೊರಗೆ. ಓಟದ ದಿನ ಪುಟಾಣಿಗಳು ಗೆರೆಯೊಳಗೆ ನುಗ್ಗುತ್ತಾರೆಂದು ಒಂದನೇ ಕ್ಲಾಸಿನವರನ್ನು ಕೋಣೆಯಲ್ಲೇ ಕೂರಿಸಿದ್ದರು. ಕೊನೆಯ ಓಟ ಮುಗಿದ ಮೇಲೆ ನಾನು ಬಿಡದೆ ಗಂಟೆ ಹೊಡೆಯಬೇಕು, ಅವರು ಶರಬತ್ತು ಕುಡಿಯಲು ಮೈದಾನಕ್ಕೆ ಬರಬೇಕು. ಆಟದ ಮೇಷ್ಟ್ರು ಬೆಳಿಗ್ಗೆಯೇ ಹೇಳಿದ್ದರು. ‘ಮುಗಿದ ಮೇಲೆ, ತಿಳೀತಾ?’ ಎಂದು ಮತ್ತೊಮ್ಮೆ ಕೇಳಿದರು. ನಾನು ತಲೆಯಾಡಿಸಿದೆ.

ಕೊನೆಯದು ರಿಲೇ. ಹುಡುಗಿಯರು ಒಬ್ಬರ ಕೈಯಿಂದ ಒಬ್ಬರು ಕೋಲು ತೆಗೆದುಕೊಂಡು ಓಡುವುದು. ಕೊನೆಯ ಸುತ್ತು ನಮ್ಮ ಚೂಟಿಯದು. ಕೋಲು ಅವಳ ಕೈಗೆ ಬಂದಾಗ ನಮ್ಮವರು ಹಿಂದಿದ್ದರು. ಅಕ್ಕಾ, ನಿನ್ನ ಮಗಳು ಓಡುವುದನ್ನು ನೀನು ನೋಡಬೇಕು. ಕುತ್ತಿಗೆ ಮುಂದೆ ಚಾಚಿ, ಯಾರೋ ಹಿಂದಿನಿಂದ ಕರೆದರೂ ಕೇಳಿಸದವಳ ಹಾಗೆ ಓಡುತ್ತಾಳೆ. ಒಬ್ಬಳನ್ನು ದಾಟಿದಳು. ಇನ್ನೊಬ್ಬಳನ್ನೂ ದಾಟಿದಳು. ಅಡ್ಡ ಹಿಡಿದ ದಾರ ಇನ್ನೇನು ಎದೆಗೆ ತಾಗಬೇಕು. ನಾಲ್ಕು ಜನರ ಮುಂದೆ ನನಗೆ ಕೂಗಲು ಬಾಯಿ ಬರುವುದಿಲ್ಲ, ನಿನಗೆ ಗೊತ್ತಲ್ಲ. ಬಾಯಿಯ ಬದಲು ಕೈ ಕೂಗಿಬಿಟ್ಟಿತು. ಗಂಟೆಯನ್ನು ಬಿಡದೆ ಹೊಡೆಯುತ್ತಿದ್ದೇನೆ ಎನ್ನುವುದು ನನ್ನ ಕಿವಿಗೇ ಬೀಳಲಿಲ್ಲ.

ಒಂದನೇ ಕ್ಲಾಸಿನ ಬಾಗಿಲು ತೆರೆಯಿತು. ಕಟ್ಟೆ ಒಡೆದ ಹಾಗೆ ಮಕ್ಕಳು ಮೈದಾನಕ್ಕೆ ನುಗ್ಗಿದರು. ಒಬ್ಬ ಪುಟಾಣಿ ಶರಬತ್ತಿನ ಲೋಟ ಹಿಡಿದುಕೊಂಡು ನೇರವಾಗಿ ಚೂಟಿಯ ಕಾಲಿಗೇ ಬಂದ. ಅವನನ್ನು ತುಳಿಯಬಾರದೆಂದು ಅವಳು ಪಕ್ಕಕ್ಕೆ ಹಾರಿ ಬಿದ್ದಳು. ಮಂಡಿ ತರಚಿತು, ಕೋಲು ಎಲ್ಲೋ ಹೋಯಿತು, ಓಟ ರದ್ದಾಯಿತು. ಮತ್ತೆ ಓಡಿಸಿದಾಗ ಅವಳು ಕುಂಟುತ್ತಲೇ ಓಡಿದಳು. ನಮ್ಮವರು ಮೂರನೆಯವರಾದರು.

ಆಟದ ಮೇಷ್ಟ್ರು ಬಂದು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು, ‘ಏನಮ್ಮಾ, ಕೈಗೆ ದೆವ್ವ ಹಿಡಿದಿತ್ತಾ?’ ಅಂದರು. ಚೂಟಿಯ ಜೊತೆ ಓಡಿದವರು ನಲ್ಲಿಯ ಹತ್ತಿರ ಸೇರಿ, ‘ಆ ಗಂಟೆ ಆಯಾನಿಂದಲೇ ಹೋಯ್ತು ಕಣೇ, ಅವಳಿಗೆ ಬುದ್ಧಿ ಬೇಡ್ವಾ?’ ಅನ್ನುತ್ತಿದ್ದರು. ನಾನು ಬಕೆಟ್ ಹಿಡಿದುಕೊಂಡು ಕಂಬದ ಮರೆಯಲ್ಲೇ ನಿಂತೆ. ಆಗ ಚೂಟಿ, ‘ಅವಳು ನನ್ನ ಚಿಕ್ಕಮ್ಮ. ಬೈಯೋದಿದ್ರೆ ಮನೇಲಿ ನಾನೇ ಬೈತೀನಿ, ನೀವ್ಯಾರೂ ಬೈಬೇಡಿ’ ಅಂದಳು.

ಮಾತಿಗೆ ತಪ್ಪಲಿಲ್ಲ. ಮನೆಗೆ ಬಂದವಳೇ ಬ್ಯಾಗು ಎಸೆದು, ‘ಓಟ ಮುಗಿಯೋಕೆ ಮುಂಚೆ ಯಾರಾದ್ರೂ ಗಂಟೆ ಹೊಡೀತಾರಾ? ನೀನು ಚಿಕ್ಕಮ್ಮನಾ, ಶತ್ರುನಾ?’ ಎಂದು ಶುರು ಮಾಡಿದಳು. ಬೈದು ಮುಗಿಸಿ ಅತ್ತಳು. ಮಂಡಿ ತೊಳೆಯಲು ಹೋದರೆ ಕಾಲು ಎಳೆದುಕೊಂಡಳು. ಹಾಸ್ಟೆಲಿನ ವಿಷಯ ನಾನು ಸೋಮವಾರವೇ ಕೇಳಿದ್ದೆ, ಆಗ ‘ನೋಡೋಣ’ ಎಂದಷ್ಟೇ ಹೇಳಿದ್ದಳು. ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಅಮ್ಮನಿಗೆ ಬರಿ. ನಾನು ಹಾಸ್ಟೆಲ್‌ಗೇ ಹೋಗ್ತೀನಿ. ಅಲ್ಲಿ ಗಂಟೆ ಹೊಡೆಯೋರು ನಮ್ಮವರಾಗಿರಲ್ಲ’ ಅಂದಳು.

ಹೇಳಿದ ಹಾಗೇ ಬರೆ ಅಂದಿದ್ದೆಯಲ್ಲ ಅಕ್ಕ, ಇದೇ ಅವಳು ಹೇಳಿದ್ದು. ಈ ಮಾತನ್ನು ಬಿಟ್ಟು ಬರೆಯಲು ನೋಡಿದೆ. ‘ಚೂಟಿ ಚೆನ್ನಾಗಿದ್ದಾಳೆ, ಹಾಸ್ಟೆಲ್ ಬೇಡ ಅನ್ನುತ್ತಾಳೆ’ ಎಂದು ಬರೆದು, ಓದಿ, ಹರಿದು ಒಲೆಗೆ ಹಾಕಿದೆ.

ಗುರುವಾರ ದೊಡ್ಡ ಮೇಡಂ ಹತ್ತಿರ ಹೋಗಿ, ಗಂಟೆಯ ಕೆಲಸವನ್ನು ಕಾವಲಿನ ತಾತನಿಗೆ ಕೊಟ್ಟುಬಿಡಿ ಎಂದು ಕೇಳಿಕೊಂಡೆ. ಅವರು ಕನ್ನಡಕ ತೆಗೆದು, ‘ಅವರಿಗೆ ಕಿವಿ ಕೇಳಲ್ಲ, ನಿನಗೆ ಕೈ ಮಾತು ಕೇಳಲ್ಲ. ಇಬ್ಬರಲ್ಲಿ ನೀನೇ ವಾಸಿ. ಹೋಗು, ಹೊತ್ತಾಯ್ತು, ಹೊಡಿ’ ಅಂದರು. ಹೋಗಿ ಹೊಡೆದೆ. ಒಂದೇ ಏಟು.

ನಿನ್ನೆ ಬಹುಮಾನ ಕೊಟ್ಟರು. ಎಲ್ಲ ಅಂಕ ಕೂಡಿಸಿದಾಗ ದೊಡ್ಡ ಫಲಕ ನಮ್ಮ ಶಾಲೆಗೇ ಬಂತು, ನನ್ನ ಎದೆಯ ಮೇಲಿನ ಅರ್ಧ ಭಾರ ಇಳಿಯಿತು. ಆಟದ ಮೇಷ್ಟ್ರು ಮುಂದಿನ ತಿಂಗಳು ನಡೆಯುವ ದೊಡ್ಡ ಓಟಕ್ಕೆ ಚೂಟಿಯನ್ನು ಆರಿಸಿದ್ದಾರೆ, ವೇದಿಕೆಯ ಮೇಲೆ ನಿಂತು ಅವಳ ಹೆಸರು ಕರೆದರು. ‘ಬಿದ್ದವಳಾದರೂ ಇಬ್ಬರನ್ನು ದಾಟಿದ್ದನ್ನು ನಾನು ನೋಡಿದ್ದೇನೆ’ ಅಂದರು. ಅವಳು ಎದ್ದು ನಿಂತು ಸುತ್ತ ನೋಡಿದಳು. ನಾನು ಹಿಂದೆ ಕುರ್ಚಿ ಜೋಡಿಸುತ್ತಿದ್ದೆ. ನನ್ನ ಕಡೆ ನೋಡಿದಳೋ ಇಲ್ಲವೋ ಹೇಳಲಾರೆ.

ಇನ್ನು ನನ್ನ ಮಾತು. ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಅವಳು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಹತ್ತಿರ ಇರಲಿ ಅಂತ ನಿನಗೆ ಅನ್ನಿಸುವುದು ಸಹಜ. ಬೇಡ ಅನ್ನಲು ನಾನು ಯಾರು? ಆದರೆ ಕಳಿಸಲು ನನಗೆ ಮನಸ್ಸಿಲ್ಲ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಶಾಲೆಗೆ ನಡೆಯುತ್ತೇವೆ, ದಾರಿಯುದ್ದಕ್ಕೂ ಅವಳದೇ ಮಾತು. ಆ ಮಾತು ನನಗೆ ಸಂಜೆಯವರೆಗೆ ಸಾಕಾಗುತ್ತದೆ. ಗುರುವಾರದಿಂದ ಅವಳು ರಸ್ತೆಯ ಆ ಬದಿ, ನಾನು ಈ ಬದಿ. ನೀನು ಒಂದು ಸಲ ಬಾ. ಅವಳನ್ನು ಎದುರಿಗೆ ಕೂರಿಸಿಕೊಂಡು ಕೇಳು. ಸಿಟ್ಟಿನಲ್ಲಿ ಆಡಿದ ಮಾತೋ, ಮನಸ್ಸಿನಿಂದ ಬಂದದ್ದೋ, ನನಗೆ ತಿಳಿಯುತ್ತಿಲ್ಲ. ಕರೆದುಕೊಂಡು ಹೋಗುತ್ತೇನೆ ಅಂದರೆ ಅವಳ ಬಟ್ಟೆ ಒಗೆದು ಮಡಿಸಿಟ್ಟಿರುತ್ತೇನೆ. ಅತ್ತು ರಂಪ ಮಾಡುವುದಿಲ್ಲ.

ಒದ್ದೆಯಲ್ಲಿ ನಿಂತು ಕೆಲಸ ಮಾಡುವವಳು, ಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ತಂಗಿ

ಇನ್ನೊಂದು ಮಾತು: ಸೋಮವಾರ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ. ಲಕೋಟೆ ಅಂಟಿಸುವ ಹೊತ್ತಿಗೆ ಚೂಟಿ ಬಂದು, ಕಾಗದ ಅಮ್ಮನಿಗಾ, ಹಾಳೆಯ ಹಿಂಬದಿ ಖಾಲಿ ಇದೆಯಾ ಎಂದು ಕೇಳಿದಳು. ಬೈದ ದಿನದ ನಂತರ ತಾನಾಗಿ ಆಡಿದ ಮೊದಲ ಮಾತು. ಬರೆದದ್ದು ಕಾಣದ ಹಾಗೆ ಕೊನೆಯ ಹಾಳೆಯನ್ನು ಮಗುಚಿ ನೆಲದ ಮೇಲಿಟ್ಟೆ. ಅದರ ಮೇಲೆ ಬಲಗಾಲು ಊರಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆ ಅಂದಳು. ದೊಡ್ಡ ಓಟಕ್ಕೆ ಶೂ ಬೇಕಂತೆ, ಅಳತೆ ಇದೇ. ಅಂಚೆಯಲ್ಲಿ ಕಳಿಸುವುದು ಬೇಡವಂತೆ, ಓಟ ನೋಡಲು ಬರುವಾಗ ನೀನೇ ತರಬೇಕಂತೆ. ಕಚಗುಳಿಯಾಗಿ ಕಾಲು ಅಲುಗಿಸಿದಳು, ಅದಕ್ಕೇ ಹಿಮ್ಮಡಿಯ ಹತ್ತಿರ ಗೆರೆ ಸೊಟ್ಟ. ಬೆರಳುಗಳ ಮುಂದೆ ಸ್ವಲ್ಪ ಜಾಗ ಬಿಡು, ಮುಂದಿನ ವರ್ಷ ನಮ್ಮ ಮೈದಾನದಲ್ಲೂ ಅದನ್ನೇ ಹಾಕಿಕೊಂಡು ಓಡಬೇಕು ಅಂದಳು. ಬಿಟ್ಟಿದ್ದೇನೆ.