ಪಟಗಾ ಕುಂಬಳದ ಬೀಜ

ಅತ್ತೆಯವರಿಗೆ,

ನಿಮ್ಮ ಸೊಸೆ ಶರಣಮ್ಮ ಬರೆಯುವುದು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಕೇಳುವ ಮನಸ್ಸು ನನಗಿಲ್ಲ, ಅದಕ್ಕೇ ಕೇಳುತ್ತಿಲ್ಲ. ನೀವು ಬದುಕಿದ್ದಾಗ ನಾನೊಂದು ಮಾತಾಡಿದರೆ ನಿಮ್ಮಿಂದ ಹತ್ತು ಬರುತ್ತಿದ್ದವು. ಈಗ ಬರುವಂತಿಲ್ಲ. ತವರೂರು ಜಿಡಗಾದಲ್ಲಿ ಅಪ್ಪ ನನ್ನ ಬೆರಳು ಹಿಡಿದು ಉಸುಕಿನ ಮೇಲೆ ಅಕ್ಷರ ತಿದ್ದಿಸಿದ್ದು ಇದಕ್ಕಾದರೂ ಉಪಯೋಗಕ್ಕೆ ಬರಲಿ. ಇಷ್ಟು ಸಿಟ್ಟಿದ್ದರೂ ನಿಮ್ಮನ್ನು ‘ನೀನು’ ಅಂತ ಬರೆಯಲು ಕೈ ಏಳುತ್ತಿಲ್ಲ ನೋಡಿ. ಆ ಮರ್ಯಾದೆ ನಿಮಗೆ ಸಲ್ಲುತ್ತದೋ ಇಲ್ಲವೋ...

ನಾನು ಮದುವೆಯಾಗಿ ಬಂದ ದಿನ ನೆನಪಿದೆಯೇ? ಪಡಸಾಲೆಯ ತೊಲೆಗೆ ಹಗ್ಗದ ಬಲೆಯಲ್ಲಿ ಏನೋ ತೂಗುತ್ತಿತ್ತು. ಪಟಗಾ ಸುತ್ತಿದ ಗಂಡಸಿನ ತಲೆಯೆಂದು ಬೆದರಿ ನಾನು ಸೆರಗು ಎಳೆದುಕೊಂಡೆ. ನೀವು ಬಿದ್ದು ಬಿದ್ದು ನಕ್ಕಿರಿ. “ಅದು ಕುಂಬಳಕಾಯಿ ಬೇ, ನಿಮ್ಮ ಮಾವ ಅಲ್ಲ!” ಕೆಳಗೆ ಕೇಸರಿ ಬಣ್ಣದ ಮುಖ, ಮೇಲೆ ಹಸಿರು ಬಿಳಿ ಪಟ್ಟೆಯ ಪಟಗಾ. ಗಾಣಗಾಪುರಕ್ಕೆ ಬಂದ ದೂರದೇಶದ ಯಾತ್ರಿಕನೊಬ್ಬ ಜ್ವರ ಬಂದು ನಮ್ಮ ಪಡಸಾಲೆಯಲ್ಲಿ ಮಲಗಿದ್ದನಂತೆ. ನೀವು ಗಂಜಿ ಕುಡಿಸಿ ಎಬ್ಬಿಸಿದಿರಂತೆ. ಹೋಗುವಾಗ ಅವನು ಜೋಳಿಗೆಯಿಂದ ಆ ಕಾಯಿ ತೆಗೆದು ನಿಮ್ಮ ಕೈಗಿತ್ತನಂತೆ. ಅಂದಿನಿಂದ ಅದು ನಿಮ್ಮ ಹಿತ್ತಲಿನ ದೌಲತ್ತು. “ಆಳಂದ, ಅಫಜಲಪುರ, ಜೇವರ್ಗಿ, ಎಲ್ಲಿ ಬೇಕಾದ್ರೂ ಹುಡುಕ್ರಿ, ಪಟಗಾ ಕುಂಬಳ ನಮ್ಮ ಮನ್ಯಾಗಷ್ಟ ಅದ” ಅನ್ನುವಾಗ ನಿಮ್ಮ ಮೂಗುತಿಯೂ ಹೊಳೆಯುತ್ತಿತ್ತು.

ಹಿತ್ತಲಿನ ವಿದ್ಯೆಯನ್ನೆಲ್ಲ ನನಗೆ ಕಲಿಸಿದವರು ನೀವೇ, ಅದನ್ನು ಇಲ್ಲ ಎನ್ನುವುದಿಲ್ಲ. ಹೀರೆಯನ್ನು ಬೇಲಿಗೆ ಹಬ್ಬಿಸುವುದು, ಪಡವಲದ ತುದಿಗೆ ಕಲ್ಲು ಕಟ್ಟಿ ನೆಟ್ಟಗೆ ಇಳಿಸುವುದು, ಬೀಜಕ್ಕೆ ಬೂದಿ ಹಚ್ಚಿ ಗಡಿಗೆಯಲ್ಲಿ ತುಂಬುವುದು. ಮುಂಜಾನೆ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಸೋಕಿಸುವಾಗ ನೀವು ನನ್ನ ಕೈ ಹಿಡಿದು ತೋರಿಸಿದ್ದಿರಿ. ನನ್ನ ಹಡೆದವ್ವನೂ ಅಷ್ಟು ತಾಳ್ಮೆಯಿಂದ ಏನನ್ನೂ ಕಲಿಸಿರಲಿಲ್ಲ. ಅದಕ್ಕೇ ನನಗೆ ನಿಮ್ಮ ಮೇಲೆ ಅನುಮಾನ ಬರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ, ಭಜ್ಜಿ ಕಡಬು ಉಂಡು, ಗಂಡಸರು ಅಡ್ಡಾದ ಮೇಲೆ ಬನ್ನಿ ಗಿಡದ ಕೆಳಗೆ ಹೆಂಗಸರ ಬೀಜದ ಸಂತೆ ಕೂಡುತ್ತಿತ್ತಲ್ಲ. ಮಾರುವಂತಿಲ್ಲ, ಬೀಜಕ್ಕೆ ಬೀಜ. ಒಬ್ಬಳು ಉದ್ದ ಕತ್ತಿನ ಸೋರೆ ತಂದರೆ ಇನ್ನೊಬ್ಬಳು ಬಿಳಿ ಹಾಗಲ. ಕೊಡುವವಳು ಉಡಿಗೆ ಹಾಕಬೇಕು, ತೆಗೆದುಕೊಳ್ಳುವವಳು ಗಂಟು ಕಟ್ಟಿಕೊಳ್ಳಬೇಕು. ಉಡಿಗೆ ಬಿದ್ದ ಬೀಜವನ್ನು ಹಲ್ಲಿಗೆ ತಾಗಿಸುವಂತಿಲ್ಲ. “ಉಡ್ಯಾಗ ಬಿದ್ದದ್ದು ಕೂಸು. ಕೂಸಿಗೆ ಯಾರರ ಹಲ್ಲು ಹಚ್ತಾರೇನು?” ಅಂತ ನೀವೇ ಹೇಳಿಕೊಟ್ಟಿರಿ. ಪಟಗಾ ಕುಂಬಳದ ಬೀಜ ಹಂಚುವ ಸರದಿ ಬಂದಾಗ ಮಾತ್ರ ಗಂಟನ್ನು ನನ್ನ ಕೈಗೆ ಕೊಡುತ್ತಿದ್ದಿರಿ. “ನಂದು ಮುದುಕಿ ಕೈ. ನೀ ಕೊಡು, ಸೊಸಿ.” ಅದೆಷ್ಟು ಹಿಗ್ಗುತ್ತಿದ್ದೆ ನಾನು!

ಆ ಬೀಜ ಎಲ್ಲಿಯೂ ಹುಟ್ಟಲಿಲ್ಲ. ಜಿಡಗಾದಲ್ಲಿ ನನ್ನ ದೊಡ್ಡವ್ವನ ತಿಪ್ಪೆಯಲ್ಲಿ ಹುಟ್ಟಲಿಲ್ಲ, ಅಂದೋಲಾಕ್ಕೆ ಕೊಟ್ಟ ನಿಮ್ಮ ಮಗಳು ಗುರುಬಾಯಿಯ ಹಿತ್ತಲಲ್ಲಿ ಹುಟ್ಟಲಿಲ್ಲ. ಮರುವರ್ಷವೂ ಅಷ್ಟೇ. ನನಗೆ ಮಕ್ಕಳಾಗಿರಲಿಲ್ಲ. ಎರಡನ್ನೂ ಕೂಡಿಸಿ ನೋಡಲು ಹೆಂಗಸರಿಗೆ ಎಷ್ಟು ಹೊತ್ತು ಬೇಕು? ಗುರುಬಾಯಿ ನಮ್ಮ ಕಟ್ಟೆಯ ಮೇಲೆ ಕುಳಿತೇ ಅಂದಳು, “ಬೀಜ ಚಲೋನ ಇರ್ತಾವ ಯವ್ವಾ. ಕೊಡೋ ಕೈ ಬಂಜಿ ಅದ.” ಅದೇ ಕೈ ಬಿತ್ತಿದ ಹೀರೆ ನಮ್ಮ ಬೇಲಿ ಮುಚ್ಚುವಷ್ಟು ಹಬ್ಬಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನೀವು ಪಕ್ಕದಲ್ಲೇ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅನ್ನುತ್ತಾರೆ. ನೀವು ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ, ತಲೆಯನ್ನೂ ಎತ್ತಲಿಲ್ಲ, ಜೋಳ ಕೇರುತ್ತಲೇ ಇದ್ದಿರಿ.

ಗುರುಬಾಯಿಯ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನಾವಿಬ್ಬರೂ ಬಂಡಿ ಕಟ್ಟಿಸಿಕೊಂಡು ಅಂದೋಲಾಕ್ಕೆ ಹೋಗಿದ್ದೆವು. ಎಲ್ಲ ಮುತ್ತೈದೆಯರಿಗೂ ಉಡಿ ತುಂಬಿ, ನನ್ನ ಹತ್ತಿರ ಬಂದಾಗ ಆಕೆಯ ಅತ್ತೆ ತಟ್ಟೆಯನ್ನು ಹಾಗೇ ದಾಟಿಸಿದಳು. “ನೀ ಸ್ವಲ್ಪ ಆಚೆ ಕೂಡವಾ” ಅಂದಳು. ನಾನು ನಿಮ್ಮ ಮುಖ ನೋಡಿದೆ. ನೀವು ನೋಡಿದ್ದು ಕೂಸಿನ ತಲೆಯ ಕುಲಾಯಿಯನ್ನು. ಅವತ್ತಿನಿಂದ ನಾನೂ ನಂಬಿದೆ, ಅತ್ತೆ. ನಮ್ಮ ಮನೆಯ ಬಿತ್ತನೆಯ ಬುಟ್ಟಿಯನ್ನೂ ಮುಟ್ಟುವುದನ್ನು ಬಿಟ್ಟೆ. ನನ್ನ ಕೈಯನ್ನು ನಾನೇ ಹೇಸಿದೆ.

ನೀವು ಹೋದ ಮೇಲೆ ದೀಪಾವಳಿಗೆ ಸುಣ್ಣ ಹಚ್ಚಲು ಒಲೆಯ ಮೇಲಿನ ಗೂಡು ತೆರವು ಮಾಡಿದಾಗ ಒಂದು ಅರಿವೆಯ ಗಂಟು ಸಿಕ್ಕಿತು. ಬರುವ ಎಳ್ಳ ಅಮಾವಾಸ್ಯೆಗೆಂದು ನೀವು ಮುಂಚೆಯೇ ಕಟ್ಟಿಟ್ಟ ಪಟಗಾ ಕುಂಬಳದ ಬೀಜ. ಇನ್ನೂ ಯಾರ ಉಡಿಗೂ ಬಿದ್ದಿರಲಿಲ್ಲ. ಯಾಕೆ ಬಾಯಿಗೆ ಹಾಕಿಕೊಂಡೆನೋ ನನಗೂ ಗೊತ್ತಿಲ್ಲ. ಕಟ್ಟೆಂದಿತು, ಪುಟಾಣಿ ಕಾಳಿನ ಹಾಗೆ. ಬಾಯಿ ತುಂಬ ಹುರಿದ ಪರಿಮಳ. ಓಡಿ ಹೋಗಿ ನಮ್ಮ ಬಿತ್ತನೆಯ ಗಡಿಗೆಯಿಂದ ಇನ್ನೊಂದು ತೆಗೆದು ಕಡಿದೆ. ಹಸಿ, ಹಾಲು ಹಾಲು. ಹುರಿದ ಬೀಜ ಎಲ್ಲಿ ಮೊಳೆಯಬೇಕು? ರೊಟ್ಟಿ ಮುಗಿದ ಮೇಲೂ ಒಲೆಯಿಂದ ಹಂಚು ಇಳಿಸದೆ, ನೀರಿಗೆ ಹೋಗು ಹೋಗು ಅಂತ ನನ್ನನ್ನು ಹೊರಗೆ ಅಟ್ಟುತ್ತಿದ್ದುದು ಇದಕ್ಕೇ? ಸಿಪ್ಪೆಯ ಬಣ್ಣ ಕೆಡದಂತೆ ಹದವಾಗಿ ಹುರಿಯುವುದನ್ನು ಯಾವಾಗ ಕಲಿತಿರಿ? ಯಾರಿಗಾದರೂ ಕಾಯಿ ಕೊಟ್ಟರೆ ಇಡಿಯಾಗಿ ಕೊಡದೆ, ಬೀಜವೆಲ್ಲ ಕೆರೆದು ಹೋಳು ಮಾಡಿಯೇ ಕೊಡುತ್ತಿದ್ದಿರಲ್ಲ, ಅದೂ ಇದಕ್ಕೇ?

ಆಗ ಲಡಾಯಿಯ ಕಾಲ. ಸರ್ಕಾರದವರು ನೆಲದಡಿಯ ಹಗೇವಿನ ಜೋಳವನ್ನೇ ಅಳೆದುಕೊಂಡು ಹೋಗುತ್ತಿದ್ದರು. ಬೇಸಿಗೆಯಿಡೀ ಕೆಡದ ಆ ಕಾಯಿ ಒಂದೊಂದು ಮನೆಯ ತೊಲೆಗೆ ನಾಲ್ಕು ತೂಗಿದ್ದರೆ ಎಷ್ಟು ಮಕ್ಕಳ ಹೊಟ್ಟೆ ತಣ್ಣಗಿರುತ್ತಿತ್ತು? ಹಾದಿಯ ಯಾತ್ರಿಕ ನಿಮಗೆ ಹುರಿದು ಕೊಟ್ಟಿದ್ದನೇ? ಕೊಡಲು ಮನಸ್ಸಿಲ್ಲದಿದ್ದರೆ ಕೊಡುವುದಿಲ್ಲ ಅನ್ನಬೇಕಿತ್ತು, ಬಹಳವೆಂದರೆ ಜಿಪುಣಿ ಅನ್ನುತ್ತಿದ್ದರು. ನಿಮಗೆ ಕೊಡುಗೈ ಅನ್ನುವ ಹೆಸರೂ ಬೇಕು, ಬೀಜವೂ ಮನೆಯಲ್ಲೇ ಉಳಿಯಬೇಕು. ಮಧ್ಯೆ ಬಂಜೆ ಅನ್ನಿಸಿಕೊಳ್ಳಲು ನಾನೊಬ್ಬಳಿದ್ದೆ.

ನಿಮ್ಮ ಮಗನ ಬಾಯಿಗೂ ಎರಡೂ ಬೀಜ ಹಾಕಿದೆ. ಅವರು ಎರಡನ್ನೂ ಅಗಿದು ನುಂಗಿದರು. ಆಮೇಲೆ, “ಸತ್ತೋರ ಮ್ಯಾಲೆ ಈಗ ಯಾಕ ಮಾತು? ನಮ್ಮವ್ವನ ಹೆಸರು ಕೆಡಸಬ್ಯಾಡ” ಅಂದರು.

“ನನ್ನ ಹೆಸರು ಕೆಟ್ಟಾಗ ನೀವು ಎಲ್ಲಿದ್ರಿ?” ಅಂದೆ. ಮದುವೆಯಾದ ಮೇಲೆ ಅವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಎದ್ದು ಎತ್ತಿಗೆ ಮೇವು ಹಾಕಲು ಹೋದರು.

ಆ ಸಲದ ಎಳ್ಳ ಅಮಾವಾಸ್ಯೆಗೆ ಬನ್ನಿ ಗಿಡದ ಕೆಳಗೆ ನಾನು ಎರಡು ಗಂಟು ಬಿಚ್ಚಿದೆ, ನೀವು ಕಟ್ಟಿಟ್ಟದ್ದೊಂದು, ಬಿತ್ತನೆಯ ಗಡಿಗೆಯದೊಂದು ಅಂತ ಹೇಳಿ. ಜಿಡಗಾದಿಂದ ದೊಡ್ಡವ್ವ ಬಂದಿದ್ದಳು, ಅಂದೋಲಾದಿಂದ ಗುರುಬಾಯಿ. ನನ್ನ ಕೈ ಕಂಡು ಗುರುಬಾಯಿ ಉಡಿ ಮುಚ್ಚಿಕೊಂಡಳು. “ಉಡಿ ಒಡ್ಡಬ್ಯಾಡ, ಬಾಯಿ ತೆರಿ” ಅಂದೆ. ಹೆಂಗಸರು ಗೊಳ್ಳೆಂದು ನಕ್ಕರು. ಬೀಜಕ್ಕೆ ಹಲ್ಲು ಹಚ್ಚುವುದೆಂದರೇನು, ಇವಳಿಗೆ ತಲೆ ಕೆಟ್ಟಿದೆ ಅಂದರು. ಮೊದಲು ನಾನೇ ಕಡಿದೆ. ಆಮೇಲೆ ಆಕೆ ಕಡಿದಳು, ನಿಮ್ಮ ಗಂಟಿನದು ಒಂದು, ಗಡಿಗೆಯದು ಒಂದು. ಬುದ್ಧಿವಂತೆ ಆಕೆ, ಬಿಡಿಸಿ ಹೇಳಬೇಕಾಗಲಿಲ್ಲ. ಬಾಯಲ್ಲಿದ್ದುದನ್ನು ಅಂಗೈಗೆ ಉಗುಳಿ ನೋಡುತ್ತ ಕುಳಿತಳು.

“ಅತ್ತಿಗೀ... ನಮ್ಮವ್ವ ನನಗೂ?”

ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೂ ಅಂತ ಹೇಳಿದೆ. ಆಕೆ ಅತ್ತಳು. ನನಗೆ ಅಳು ಬರಲಿಲ್ಲ. ಆಕೆ ನನಗೆ ಅಂದ ಮಾತನ್ನು ನಾನು ಮರೆತಿರಲಿಲ್ಲ. ಆದರೂ ಗಡಿಗೆಯ ಬೀಜವನ್ನು ಆಕೆಯ ಉಡಿಗೆ ತುಂಬಿದೆ, ಅಲ್ಲಿದ್ದ ಎಲ್ಲರ ಉಡಿಗೂ ತುಂಬಿದೆ. ಗಂಟು ತೀರುವವರೆಗೂ ತುಂಬಿದೆ, ಮನೆಯ ಗಡಿಗೆಯಲ್ಲಿ ನಮ್ಮ ಹಿತ್ತಲಿಗೆ ಒಂದು ಹಿಡಿಯಷ್ಟೇ ಉಳಿಸಿಕೊಂಡು.

ಮಳೆಗಾಲದಲ್ಲಿ ದೊಡ್ಡವ್ವ ಹೇಳಿ ಕಳಿಸಿದ್ದಳು: “ಎಲ್ಲಾ ಎದ್ದಾವ. ನಿನ್ನ ಕೈ ಈಗ ಚಲೋ ಆಗ್ಯಾದ.” ಮೈ ಉರಿದುಹೋಯಿತು. ಕೈ ಮೊದಲಿಂದಲೂ ಇದೇ ಇತ್ತು, ಬದಲಾದದ್ದು ಒಲೆಯ ಮೇಲಿನ ಹಂಚು ಅಂತ ತಿರುಗಿ ಹೇಳಿ ಕಳಿಸಿದೆ. ಈಗ ನಮ್ಮ ಕಡೆಯ ಹೆಂಗಸರು ಒಂದು ಬೀಜ ಕಡಿದು ನೋಡದೆ ಉಡಿ ಒಡ್ಡುವುದಿಲ್ಲ. ಹೊಸ ಮದುವಣಗಿತ್ತಿಯರು ನನ್ನ ಕೈಯಿಂದಲೇ ಬೇಕು ಅಂತ ಬರುತ್ತಾರೆ. ನನಗೆ ಮಕ್ಕಳಾಗಿಲ್ಲ, ಇನ್ನು ಆಗುವುದೂ ಇಲ್ಲ. ಆದರೆ ಅದನ್ನು ಕುಂಬಳದ ಜೊತೆ ಕೂಡಿಸಿ ಆಡುವ ಬಾಯಿಗಳು ಮುಚ್ಚಿವೆ.

ನಿಮ್ಮನ್ನು ಕ್ಷಮಿಸಿದ್ದೇನೆ ಅಂದುಕೊಳ್ಳಬೇಡಿ. ಪ್ರತಿ ಎಳ್ಳ ಅಮಾವಾಸ್ಯೆಗೂ ಹಂಚುತ್ತೇನೆ, ಕೇಳಿದವರಿಗೂ, ಕೇಳದವರಿಗೂ. ಮೊನ್ನೆ ಗುರುಬಾಯಿ ಬಂದಿದ್ದಳು. ತೊಲೆಯಲ್ಲಿ ಜಾಗವಿಲ್ಲವಂತೆ, ಅಟ್ಟದ ತುಂಬ ಅದೇ ಅಂತೆ. “ಪಟಗಾ ಕುಂಬಳ ತಿಂದ್ ತಿಂದ್ ಸಾಕಾಗ್ಯಾದ, ಅತ್ತಿಗೀ” ಅಂದಳು. “ಉಳಿದದ್ದು ಎಮ್ಮಿಗೆ ಹಾಕಾಕತ್ತೇವಿ.”

ಕೇಳಿಸಿತೇ, ಅತ್ತೆ? ಎಮ್ಮೆಗೆ.

ನಿಮ್ಮ ಸೊಸೆ,
ಶರಣಮ್ಮ