ಅಪ್ಪಾಜಿ ಬೆಟ್ಟದ ಮೇಲಿಂದ ಕಂಡದ್ದು

ಅಪ್ಪಾಜಿ,

ನಿಮ್ಮ ಸರೋಜ ಬರೆಯುತ್ತಿದ್ದೇನೆ. ನೀವು ಹೋಗಿ ಇಪ್ಪತ್ತಾರು ವರ್ಷ ದಾಟಿತು. ನನಗೂ ಎಪ್ಪತ್ತು ತುಂಬಿದೆ. ಇಷ್ಟು ಕಾಲ ಒಂದು ಸಾಲೂ ಬರೆಯದವಳು ಈಗ ಕೂತಿರುವುದಕ್ಕೆ ಕಾರಣವಿದೆ. ಕಳೆದ ಗುರುವಾರ ಇಟಲಿಯಿಂದ ಒಂದು ಸುದ್ದಿ ಬಂತು. ಅದನ್ನು ಕೇಳಬೇಕಾಗಿದ್ದವರು ನೀವೊಬ್ಬರೇ. ಮನೆಯಲ್ಲಿ ಬೇರೆ ಯಾರಿಗೆ ಹೇಳಿದರೂ ಅದರ ತಲೆಬುಡ ಗೊತ್ತಾಗುವುದಿಲ್ಲ.

ಕೊಡ್ಲಿಪೇಟೆಯ ಶಾಲೆಯಲ್ಲಿ ನಾನು ಹೆಡ್ ಮಿಸ್ ಆದ ವರ್ಷ ನಿಮಗೆ ನೆನಪಿರಬೇಕು. ಸ್ವಾತಂತ್ರ್ಯ ದಿನಕ್ಕೆ ಊರಿನ ಮಾಜಿ ಸೈನಿಕರಿಗೆ ಸನ್ಮಾನ ಇಟ್ಟುಕೊಂಡಿದ್ದೆವು. ಮೈಕಿನಲ್ಲಿ ನಿಮ್ಮ ಹೆಸರನ್ನು ಮೂರು ಸಲ ಕೂಗಿದರು. ನೀವು ಬರಲಿಲ್ಲ. ಸಿಟ್ಟಿನಿಂದ ಮನೆಗೆ ಬಂದರೆ ನೀವು ಜಗಲಿಯ ಮೇಲೆ ಗುದ್ದಲಿಗೆ ಹೊಸ ಕಾವು ಕೂರಿಸುತ್ತಿದ್ದಿರಿ. "ಊರವ್ರ ಮುಂದೆ ತಲೆ ತಗ್ಸೋ ಹಂಗಾಯ್ತು. ಮಗಳ ಮರ್ಯಾದೆ ನಿಮಗೆ ಏನೂ ಅಲ್ವಾ?" ಅಂದೆ. ನೀವು ತಲೆ ಎತ್ತಲಿಲ್ಲ. "ಕೂತ್ಕೊ. ಒಂದ್ಸಲ ಹೇಳ್ತೀನಿ. ಮತ್ತೆ ಕೇಳ್ಬ್ಯಾಡ, ಯಾರಿಗೂ ಹೇಳ್ಬ್ಯಾಡ" ಅಂದಿರಿ. ಅಲ್ಲಿಯ ತನಕ ನೀವು ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದಿರಿ ಎಂಬುದಷ್ಟೇ ನನಗೆ ಗೊತ್ತಿತ್ತು.

ಆಫ್ರಿಕಾದ ಮರಳುಗಾಡಿನಲ್ಲಿ ಜರ್ಮನರು ನಿಮ್ಮ ಲಾರಿಯನ್ನು ಸುತ್ತುವರಿದಾಗ ನಿಮಗೆ ಇಪ್ಪತ್ತೆರಡು. ಅವರು ನಿಮ್ಮನ್ನು ಇಟಲಿಯವರ ಕೈಗೆ ಕೊಟ್ಟರು, ಇಟಲಿಯವರು ಹಡಗು ಹತ್ತಿಸಿ ತಮ್ಮ ದೇಶದ ಬೆಟ್ಟಗಳ ನಡುವಿನ ಸೆರೆಶಿಬಿರಕ್ಕೆ ತಂದರು. ಒಂದು ಬೇಸಿಗೆಯ ಬೆಳಿಗ್ಗೆ ಮುದಿ ಕಾವಲುಗಾರನೊಬ್ಬ ಕಚೇರಿಯ ಗೋಡೆಯ ಮೇಲಿದ್ದ ಸರ್ವಾಧಿಕಾರಿಯ ಪಟವನ್ನು ಇಳಿಸಿ, ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದನಂತೆ. ಇಪ್ಪತ್ತು ವರ್ಷ ಆ ದೇಶವನ್ನು ಆಳಿದ ಮನುಷ್ಯನನ್ನು ಅವನ ಜೊತೆಯವರೇ ಇಳಿಸಿದ್ದರು. ಊರಿನ ಚರ್ಚಿನ ಗಂಟೆ ಹೊಡೆಯಿತು, ಹೆಂಗಸರು ಬೀದಿಗೆ ಬಂದು ಸಂತೋಷಕ್ಕೆ ಅತ್ತರು. ಮುಂದೆ ಕೆಲವೇ ವಾರಕ್ಕೆ ಇಟಲಿ ಶರಣಾಯಿತು, ಕಾವಲುಗಾರರು ಗೇಟು ತೆರೆದಿಟ್ಟು ತಮ್ಮ ತಮ್ಮ ಊರಿಗೆ ಹೊರಟುಹೋದರು. "ಯುದ್ಧ ಮುಗೀತು ಅಂದ್ಕೊಂಡ್ವಿ ಕಣವ್ವ. ಮುಗ್ದಿರ್ಲಿಲ್ಲ. ಅವರ ಅಂಗಳಕ್ಕೇ ಬಂದಿತ್ತು." ಯಾಕೆಂದರೆ ಈಗ ಜರ್ಮನರೇ ಆ ನಾಡನ್ನು ಹಿಡಿದುಕೊಂಡಿದ್ದರು. ತಪ್ಪಿಸಿಕೊಂಡ ಸೆರೆಯಾಳಿಗೆ ಅನ್ನ ಹಾಕಿದವರನ್ನು ಕೊಲ್ಲುತ್ತೇವೆಂದು ಗೋಡೆಗೋಡೆಗೆ ಅಂಟಿಸಿದ್ದರು.

ಅಸುಂತಾ ಎಂಬ ಕುರಿ ಸಾಕುವ ವಿಧವೆ ಆ ಕಾಗದವನ್ನು ಓದಿಯೂ ನಿಮ್ಮನ್ನು ಒಳಗೆ ಕರೆದಳು. ಅವಳ ಮಗ ಆಂತೋನಿಯೊ ನಿಮ್ಮದೇ ವಯಸ್ಸಿನವನು, ತಮ್ಮ ಸೈನ್ಯ ಚೆದುರಿದ ಮೇಲೆ ನಡೆದುಕೊಂಡೇ ಊರಿಗೆ ಬಂದವನು. ಮೊದಲ ದಿನ ಅವಳು ಮಾಂಸದ ತಟ್ಟೆ ಮುಂದಿಟ್ಟಾಗ ನೀವು ಕೈ ಮುಗಿದು ಬೇಡವೆಂದಿರಿ. ಕೊರಳಿನ ಕರಡಿಗೆ ತೆರೆದು ಇಷ್ಟಲಿಂಗ ತೋರಿಸಿದಿರಿ. ಅವಳು ಅದನ್ನು ನೋಡಿ ತನ್ನ ಕೊರಳಿನ ಶಿಲುಬೆ ಮುಟ್ಟಿಕೊಂಡಳು. ಮಾರನೆಯ ದಿನದಿಂದ ನಿಮಗೆ ಮುಸುಕಿನ ಜೋಳದ ಹಿಟ್ಟಿನ ಮುದ್ದೆ, ಬೆಂದ ಆಲೂಗಡ್ಡೆ. "ನಮ್ಮ ಮುದ್ದೆಯಷ್ಟು ಗಟ್ಟಿ ಇರ್ಲಿಲ್ಲ. ಬಿಸಿ ಇತ್ತು" ಅಂದು ನೀವು ಒಂದು ಗಳಿಗೆ ನಕ್ಕಿರಿ. ಆ ಮಧ್ಯಾಹ್ನ ನೀವು ನಕ್ಕದ್ದು ಅದೊಂದೇ ಸಲ.

ಊರ ಮೇಲಿನ ಬೆಟ್ಟದಲ್ಲಿದ್ದ ಕುರಿದೊಡ್ಡಿಯಲ್ಲಿ ನಿಮ್ಮನ್ನು ಅಡಗಿಸಿದರು. ಎಷ್ಟೇ ಕಷ್ಟವಾದರೂ ಹಗಲಲ್ಲಿ ಕೆಳಗೆ ಇಳಿಯಬೇಡ ಅಂತ ಅಸುಂತಾ ಕೈಸನ್ನೆಯಲ್ಲಿ ಹೇಳಿದ್ದಳು. ಚಳಿ ಶುರುವಾಯಿತು. ನಿಮಗೆ ಜ್ವರ ಬಂತು. ಎರಡು ದಿನ ಆಂತೋನಿಯೊ ಊಟ ತರಲಿಲ್ಲ. ಮೂರನೆಯ ದಿನ ನೀವು ತಡೆಯಲಾರದೆ ಹಾಡಹಗಲೇ ಬಾವಿಯ ತನಕ ಇಳಿದಿರಿ. ಅಲ್ಲಿ ನೀರು ಸೇದುತ್ತಿದ್ದವನು ನಿನ್ನೆ ಮೊನ್ನೆಯ ತನಕ ಕಪ್ಪಂಗಿ ತೊಟ್ಟು ಮೆರೆದ ಫ್ಯಾಸಿಸ್ಟ್ ಪಕ್ಷದವನು. ಅವನು ನಿಮ್ಮನ್ನು ದಿಟ್ಟಿಸಿ ನೋಡಿದ. ನೀರು ಕೊಟ್ಟ. ಒಂದು ಮಾತೂ ಆಡಲಿಲ್ಲ.

ಮಾರನೆಯ ಬೆಳಿಗ್ಗೆ ಎರಡು ಜರ್ಮನ್ ಲಾರಿಗಳು ಊರಿಗೆ ಬಂದವು. ನೀವು ದೊಡ್ಡಿಯ ಕಲ್ಲುಗೋಡೆಯ ಸಂದಿನಿಂದ ನೋಡಿದಿರಿ. ಗಂಡಸರನ್ನು ತಲೆಯ ಮೇಲೆ ಕೈ ಇಡಿಸಿ ಲಾರಿಗೆ ಹತ್ತಿಸುತ್ತಿದ್ದರು, ಅವರಲ್ಲಿ ಆಂತೋನಿಯೊ ಇದ್ದ. ಅಸುಂತಾ ಲಾರಿಯ ಹಿಂದೆ ಓಡಿದಳು, ಬಿದ್ದಳು. "ನನ್ನ ಹುಡುಕ್ಕೊಂಡು ಬಂದವ್ರು. ನಾನು ಹೋಗಿ ನಿಂತಿದ್ರೆ ಅವನ್ನ ಬಿಡ್ತಿದ್ರೇನೊ. ಹತ್ತು ಹೆಜ್ಜೆ ಇಳಿದೆ ಸರೋಜಾ. ಆಮೇಲೆ..." ನೀವು ಗುದ್ದಲಿಯ ಕಾವನ್ನು ಮತ್ತೆ ಕೈಗೆತ್ತಿಕೊಂಡಿರಿ. ಲಾರಿಗಳು ಗುಡ್ಡದ ಮರೆಗೆ ಹೋದ ಮೇಲೆ ಗುಂಡಿನ ಶಬ್ದ ಕೇಳಿಸಿತಂತೆ. ಆ ದಿನವೇ ನೀವು ಮೈಯಲ್ಲಿ ಜ್ವರ ಇಟ್ಟುಕೊಂಡೇ ಹಿಮದಲ್ಲಿ ದಕ್ಷಿಣಕ್ಕೆ ಹೊರಟಿರಿ. ನಾಲ್ಕು ದಿನದ ಮೇಲೆ ಒಂದು ಹೊಳೆಯ ಆಚೆಯಿಂದ "ಕೌನ್ ಹೈ" ಎಂಬ ದನಿ ಕೇಳಿತು, ನಮ್ಮ ಸೈನ್ಯದ ಕಾವಲಿನವನದು. ಆಮೇಲೆ ಪದಕ ಬಂತು, ಊರಿಗೆ ಬಂದಿರಿ, ಅಮ್ಮನನ್ನು ಮದುವೆಯಾದಿರಿ, ನಾವು ಹುಟ್ಟಿದೆವು. "ಒಬ್ಬ ತಾಯಿ ಮಗನ್ನ ಕೊಟ್ಟು ಬದುಕಿದ ಜೀವ ಇದು. ಇದಕ್ಕೆ ಶಾಲು ಹೊದಿಸ್ತೀಯಾ?" ಅಂದಿರಿ. ನಾನು ಎದ್ದು ಒಳಗೆ ಹೋಗಿ, ನೀವು ಹೇಳಿದ ಆ ಊರಿನ ಹೆಸರನ್ನು ಮರೆಯದಂತೆ ನಿಘಂಟಿನ ಕೊನೆಯ ಪುಟದಲ್ಲಿ ಬರೆದಿಟ್ಟೆ. ಮಾತು ಕೊಟ್ಟಿದ್ದೆನಲ್ಲ, ಯಾರಿಗೂ ಹೇಳಲಿಲ್ಲ.

ಹೋದ ವರ್ಷ ಕಣ್ಣಿನ ಪೊರೆ ತೆಗೆಸಲು ಕಾನ್ವೆಂಟಿನವರ ಆಸ್ಪತ್ರೆಗೆ ಹೋದಾಗ ಸಿಸ್ಟರ್ ಲಿಲ್ಲಿ ಸಿಕ್ಕರು. ಮಲಯಾಳಿ, ಹನ್ನೊಂದು ವರ್ಷ ಇಟಲಿಯಲ್ಲಿ ನರ್ಸ್ ಆಗಿದ್ದವರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ನನ್ನ ಬಾಯಿಂದ ಆ ಊರಿನ ಹೆಸರು ಬಂದೇಬಿಟ್ಟಿತು. ಕೊಟ್ಟ ಮಾತು ಮುರಿದೆ, ಅಪ್ಪಾಜಿ. ಅವರು ಎಲ್ಲ ಕೇಳಿಸಿಕೊಂಡು, "ಟೀಚರೇ, ಆ ಊರಿನ ಚರ್ಚಿಗೆ ಒಂದು ಮೇಲ್ ಹಾಕಿ ನೋಡೋಣ, ಅಲ್ಲಿ ಪಾದ್ರಿ ಇದ್ದೇ ಇರ್ತಾರಲ್ಲಾ" ಅಂದರು. ನಾನು ಕನ್ನಡದಲ್ಲಿ ಹೇಳಿದೆ, ಅವರು ಇಟಾಲಿಯನ್ನಿನಲ್ಲಿ ಬರೆದರು. ತಿಂಗಳುಗಟ್ಟಲೆ ಏನೂ ಬರಲಿಲ್ಲ. ಕಳೆದ ಗುರುವಾರ ಅವರೇ ಆಟೊ ಮಾಡಿಕೊಂಡು ಮನೆಗೆ ಬಂದರು. "ಟೀಚರೇ, ಮೊದಲು ಕೂತ್ಕೊಳ್ಳಿ" ಅಂದರು.

ಪತ್ರ ಬರೆದಾಕೆಯ ಹೆಸರು ಲೂಚಿಯಾ. ಯಾರ ಮಗಳು ಗೊತ್ತೇ, ಅಪ್ಪಾಜಿ? ಆಂತೋನಿಯೊನ ಮಗಳು. ಜರ್ಮನರು ಅಂದು ಬಂದದ್ದು ನಿಮ್ಮನ್ನು ಹುಡುಕಿಕೊಂಡು ಅಲ್ಲ. ಕಂದಕ ತೋಡಲು ಆಳು ಬೇಕೆಂದು ಅಕ್ಕಪಕ್ಕದ ಊರುಗಳಿಂದಲೂ ಗಂಡಸರನ್ನು ಹಿಡಿದರಂತೆ. ಬಾವಿಯ ಬಳಿ ನಿಮ್ಮನ್ನು ಕಂಡವನು ಯಾರಿಗೂ ಹೇಳಿರಲಿಲ್ಲ, ಅವನನ್ನೂ ಅದೇ ಲಾರಿಗೆ ಹತ್ತಿಸಿದ್ದರು. ನೀವು ಕೇಳಿದ ಗುಂಡು ಊರಿನವರ ಹಂದಿಗಳಿಗೆ ಹೊಡೆದದ್ದು, ಮಾಂಸಕ್ಕಾಗಿ. ಯುದ್ಧ ಉತ್ತರಕ್ಕೆ ಸರಿದ ಮೇಲೆ ಆಂತೋನಿಯೊ ತಪ್ಪಿಸಿಕೊಂಡು ಮನೆ ಸೇರಿದ. ಬಂದವನು ಮೊದಲು ಹತ್ತಿದ್ದು ನಿಮ್ಮ ದೊಡ್ಡಿಗೆ. ನೀವು ಇರಲಿಲ್ಲ. ಜರ್ಮನರ ಓಡಾಟದ ನಡುವೆ ಊಟ ಮುಟ್ಟಿಸಲಾರದೆ ನಿಮ್ಮನ್ನು ಸಾಯಿಸಿದೆವು ಎಂದು ತಾಯಿ ಮಗ ಇಬ್ಬರೂ ನಂಬಿದರು. ಹಿಮ ಕರಗಿದ ಬೆಟ್ಟದಲ್ಲಿ ನಿಮ್ಮ ಮೂಳೆಗಳಿಗಾಗಿ ಹುಡುಕಿದರು. ಅಸುಂತಾ ಸಾಯುವ ತನಕ ವರ್ಷಕ್ಕೊಮ್ಮೆ ಚರ್ಚಿನಲ್ಲಿ ನಿಮ್ಮ ಆತ್ಮಕ್ಕೆ ಪೂಜೆ ಮಾಡಿಸುತ್ತಿದ್ದಳಂತೆ.

ಸಿಸ್ಟರ್ ಹೋದ ಮೇಲೆ ನಾನು ಲೆಕ್ಕ ಹಾಕಿದೆ. ಆಂತೋನಿಯೊ ತೀರಿಕೊಂಡದ್ದು ನೀವು ಹೋದ ನಾಲ್ಕು ವರ್ಷಕ್ಕೆ. ಅಂದರೆ ನೀವು ಜಗಲಿಯಲ್ಲಿ ನನಗೆ ಇದನ್ನೆಲ್ಲ ಹೇಳುತ್ತಿದ್ದ ಮಧ್ಯಾಹ್ನ ಅವನು ಬದುಕಿದ್ದ. ನಿಘಂಟಿನಲ್ಲಿ ಊರಿನ ಹೆಸರು ಬರೆದವಳು ಒಂದು ಇನ್ಲ್ಯಾಂಡಿನಷ್ಟು ಉದ್ದದ ಕಾಗದ ಬರೆದು ಅಂಚೆಗೆ ಹಾಕಿದ್ದರೆ? ಟೀಚರಾಗಿದ್ದೆ, ದಾರಿ ಹುಡುಕಬಹುದಿತ್ತು. ನಿಮ್ಮ ಮಾತು ಉಳಿಸಿದೆ ಎಂದುಕೊಂಡು ನಿಮ್ಮನ್ನೇ... ಈ ಮೂರು ದಿನದಲ್ಲಿ ಈ ವಾಕ್ಯವನ್ನು ಒಮ್ಮೆಯೂ ಮುಗಿಸಲು ಆಗಲಿಲ್ಲ.

ಲೂಚಿಯಾಗೆ ಉತ್ತರ ಕಳಿಸಿದೆ. ನಮ್ಮ ಅಪ್ಪಾಜಿ ಹಿಮದಲ್ಲಿ ಸಾಯಲಿಲ್ಲ, ಎಪ್ಪತ್ತೊಂಬತ್ತು ವರ್ಷ ಬಾಳಿ ತಮ್ಮ ತೋಟದಲ್ಲೇ ಮಣ್ಣಾದರು, ಮೂವರು ಮಕ್ಕಳು ಅಂತ ಬರೆಸಿದೆ. ಅದನ್ನು ತನ್ನ ಅಪ್ಪ, ಅಜ್ಜಿಯ ಗೋರಿಯ ಮುಂದೆ ಓದುತ್ತಾಳಂತೆ. ಈ ಕಾಗದವನ್ನು ನಾನು ನಾಳೆ ಬೆಳಿಗ್ಗೆ ನಿಮ್ಮ ಸಮಾಧಿಯ ಹತ್ತಿರ ಕೂತು ಗಟ್ಟಿಯಾಗಿ ಓದುತ್ತೇನೆ. ಅವನು ಬದುಕಿದ, ಅಪ್ಪಾಜಿ. ಕುರಿ ಸಾಕಿದ, ಮುಂಗೋಪಿಯಾಗಿದ್ದ, ಲೂಚಿಯಾಳ ಮದುವೆಯಲ್ಲಿ ಕುಣಿಯಲು ಹೋಗಿ ಕಾಲು ಉಳುಕಿಸಿಕೊಂಡು ಒಂದು ವಾರ ಮಂಚ ಹಿಡಿದನಂತೆ.

ನಿಮ್ಮ ಮಗಳು,
ಸರೋಜ